ಎಚ್. ಪೈಲೋರಿಗೆ (ಹೊಟ್ಟೆಹುಣ್ಣು ತರುವ ಬ್ಯಾಕ್ಟೀರಿಯಾ) ಎರಡನೇ ಔಷಧಿ ಕೋರ್ಸ್ ಮಾಡಿದವರು ಇದ್ದೀರಾ? ಅನುಭವ ಹೇಳಿ

ತುಮಕೂರಿನ ಮಗಳು: ಅಮ್ಮನಿಗೆ 58. ಹೊಟ್ಟೆಯಲ್ಲಿ ಹುಣ್ಣು, ಎಚ್. ಪೈಲೋರಿ ಪಾಸಿಟಿವ್. ಕ್ಲಾರಿತ್ರೋಮೈಸಿನ್ ಆಂಟಿಬಯಾಟಿಕ್ ಇರುವ ಮಾತ್ರೆ ಕಿಟ್ 14 ದಿನ ತಪ್ಪದೆ ತಗೊಂಡರು. ಉಸಿರಿನ ಪರೀಕ್ಷೆಯಲ್ಲಿ ಮತ್ತೆ ಪಾಸಿಟಿವ್. ಈಗ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮತ್ತು ಗ್ಯಾಸ್ ಮಾತ್ರೆ ಬರೆದಿದ್ದಾರೆ. ಅಮ್ಮನಿಗೆ ಶುಗರ್ ಮಾತ್ರೆಯೂ ಇದೆ. ತಡೆದುಕೊಳ್ಳುತ್ತಾರಾ?

ಹಾಸನ ಟೀಚರ್: ನನಗೆ ಎರಡು ಸಲ ಫೇಲಾಗಿ ಮೂರನೇ ಸಲ ಹೋಯಿತು. ಎಂಡೋಸ್ಕೋಪಿ 4,200. ಮೊದಲ ಕಿಟ್ 1,350. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಕಹಿ. ಉಸಿರಿನ ಪರೀಕ್ಷೆ ಮೂರು ಸಲ, ಒಂದೊಂದಕ್ಕೆ 3,500. ಅದಕ್ಕೆ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜ್, ರಜೆ ಬೇರೆ. ಎರಡನೇ ಸಲ ಲಿವೊಫ್ಲಾಕ್ಸಸಿನ್ ಅನ್ನುವ ಬೇರೆ ಆಂಟಿಬಯಾಟಿಕ್ ಕೊಟ್ಟರು, ಅದೂ ಫೇಲ್. ಆಮೇಲೆ ಡಾಕ್ಟರು ನನ್ನ ಹಳೇ ಚೀಟಿಗಳನ್ನೆಲ್ಲ ತರಿಸಿ ನೋಡಿದರು. ಕೆಮ್ಮು ಬಂದಾಗಲೆಲ್ಲ ಅಜಿತ್ರೋಮೈಸಿನ್. ಅದು ಕ್ಲಾರಿತ್ರೋಮೈಸಿನ್ ಜಾತಿಯದೇ. ಭೇದಿಯಾದಾಗಲೆಲ್ಲ ಆಫ್ಲಾಕ್ಸಸಿನ್-ಆರ್ನಿಡಜೋಲ್. ಅದು ಲಿವೊಫ್ಲಾಕ್ಸಸಿನ್‌ನ ಹತ್ತಿರದ ನೆಂಟ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಾಕು, ಕೊಡುತ್ತಿದ್ದರು. ಹೊಟ್ಟೆಯೊಳಗಿನ ಹುಳಕ್ಕೆ (ಅದೇ ಬ್ಯಾಕ್ಟೀರಿಯಾಕ್ಕೆ) ಇವೆಲ್ಲ ಮೊದಲೇ ಪರಿಚಯ, ಅದಕ್ಕೇ ಎರಡೂ ಕೋರ್ಸ್ ನಾಟಲಿಲ್ಲ. ಮೂರನೇ ಸಲದ ಬಿಸ್ಮತ್ ಕೋರ್ಸಿನಲ್ಲಿ ದಿನಕ್ಕೆ 13 ಮಾತ್ರೆ. ಟೆಟ್ರಾಸೈಕ್ಲಿನ್‌ಗೆ ಐದು ಅಂಗಡಿ ಸುತ್ತಿದೆ. ಮಲ ಕಪ್ಪಾಯಿತು, ಅದು ಬಿಸ್ಮತ್‌ನಿಂದ, ಹೆದರಬೇಡಿ.

ದಾವಣಗೆರೆ: ನಾನು ಆ ನಾಲ್ಕು ಔಷಧಿ ಆರನೇ ದಿನಕ್ಕೆ ಬಿಟ್ಟೆ. ಅನ್ನದ ವಾಸನೆ ಬಂದರೂ ವಾಂತಿ. 2,100 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. ಈಗ ಎಂಟು ತಿಂಗಳಿಂದ ಜೀರಿಗೆ ಕಷಾಯ, ಮಜ್ಜಿಗೆ. ಉರಿ ಇಲ್ಲ. ಪರೀಕ್ಷೆ ಮಾಡಿಸಿದರೆ ಹೇಗೂ ಪಾಸಿಟಿವ್ ಅನ್ನುತ್ತಾರೆ. ನನ್ನ ಅಣ್ಣನಿಗೆ ಗುಣವಾದ ಮೇಲೂ ರಕ್ತದಲ್ಲಿ ಪಾಸಿಟಿವ್ ಬಂತು.

ಕುಂದಾಪುರ: ಟೀಚರ್, 'ಕಪ್ಪಾದರೆ ಹೆದರಬೇಡಿ' ಎಂದು ಹಾಗೆ ಬರೆದುಬಿಡಬೇಡಿ. ನಮ್ಮಪ್ಪನಿಗೂ ಕಪ್ಪಾಗಿತ್ತು. ಮಾತ್ರೆಯಿಂದ ಎಂದುಕೊಂಡು ಎರಡು ದಿನ ಸುಮ್ಮನಿದ್ದೆವು. ಟಾರಿನ ಹಾಗೆ ಅಂಟು, ತಡೆಯಲಾರದ ವಾಸನೆ. ಅದು ಹುಣ್ಣಿನ ರಕ್ತ. ಹಿಮೋಗ್ಲೋಬಿನ್ 6.2ಕ್ಕೆ ಇಳಿದಿತ್ತು. ಮೂರು ಬಾಟಲಿ ರಕ್ತ, ನಾಲ್ಕು ದಿನ ಐಸಿಯು, 86,000 ಬಿಲ್. ಚಿನ್ನ ಅಡವಿಟ್ಟೆವು. ದಾವಣಗೆರೆಯವರೇ, ಉರಿ ಇಲ್ಲ ಅಂದರೆ ಹುಳ ಇಲ್ಲ ಅಂತಲ್ಲ. ಅಪ್ಪನಿಗೆ ಉರಿಯೇ ಇರಲಿಲ್ಲ.

ದಾವಣಗೆರೆ: ನನ್ನ ಹೊಟ್ಟೆ ನನಗೆ ಗೊತ್ತು. ವಾಂತಿ ಮಾಡಿದ್ದು ನಾನು, ನೀವಲ್ಲ.

ಹಾಸನ ಟೀಚರ್: ರಕ್ತದಲ್ಲಿ ನೋಡುವುದು ಆಂಟಿಬಾಡಿ, ಅಂದರೆ ಹುಳದ ವಿರುದ್ಧ ಮೈ ತಯಾರಿಸುವ ಪ್ರೋಟೀನ್. ಹುಳ ಸತ್ತ ಮೇಲೂ ತಿಂಗಳುಗಟ್ಟಲೆ ಇರುತ್ತದೆ. ಗುಣವಾಯಿತಾ ಎಂದು ನೋಡಲು ಉಸಿರು ಇಲ್ಲವೇ ಮಲದ ಪರೀಕ್ಷೆಯೇ ಬೇಕು. ಕೋರ್ಸ್ ಮುಗಿದು ನಾಲ್ಕು ವಾರವಾದರೂ ಆಗಿರಬೇಕು, ಗ್ಯಾಸ್ ಮಾತ್ರೆ ನಿಲ್ಲಿಸಿ ಎರಡು ವಾರ. ಇದು ತಿಳಿಯದೆ ಮೊದಲ ಸಲ 3,500 ಕಳೆದೆ, ಸುಳ್ಳು ನೆಗೆಟಿವ್ ಬಂದಿತ್ತು. ಕುಂದಾಪುರದವರೇ, ನೀವು ಹೇಳಿದ್ದು ಸರಿ. ಅಂಟಾಗಿದ್ದರೆ, ತಲೆ ಸುತ್ತಿದರೆ ಆಸ್ಪತ್ರೆಗೆ ಓಡಬೇಕು.

ಸಾಗರ ಮೆಡಿಕಲ್: ಎಲ್ಲಾ ತಪ್ಪು ಅಂಗಡಿಯವರ ಮೇಲೆ ಹಾಕಬೇಡಿ. ಲಿವೊಫ್ಲಾಕ್ಸಸಿನ್ 2014ರಿಂದ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಚೀಟಿ ನೋಡಿ, ದಾಖಲೆ ಇಟ್ಟೇ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಯಾರಿಗೆ ಕೊಟ್ಟೆ, ಯಾವ ಡಾಕ್ಟರ್ ಬರೆದರು ಎಂದು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಚೀಟಿ ಇಲ್ಲದೆ ಅಜಿತ್ರೋಮೈಸಿನ್ ಕೊಡಲ್ಲ ಅಂದರೆ ಜನ ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ಟೀಚರುಗಳೂ ಇದ್ದಾರೆ.

ಹಾಸನ ಟೀಚರ್: ಪಕ್ಕದ ಅಂಗಡಿಯವರು ಕೊಟ್ಟರು ಅಂತ ನೀವೇ ಒಪ್ಪಿಕೊಂಡಿರಲ್ವಾ?

ತುಮಕೂರಿನ ಮಗಳು: ಅಮ್ಮ ರಾತ್ರಿ ಹಾಲು ಕುಡಿದೇ ಮಲಗುವುದು. ಟೆಟ್ರಾಸೈಕ್ಲಿನ್ ಜೊತೆ ಆಗುತ್ತಾ? ಇವತ್ತೇ ಶುರು.

ಕುಂದಾಪುರ: ಬೇಡ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆ ಜೊತೆಗಿದ್ದರೆ ಔಷಧಿ ಮೈಗೆ ಹತ್ತುವುದಿಲ್ಲ. ಎರಡು ಗಂಟೆಯಾದರೂ ಅಂತರ ಇಡಿ.