ಪದಚರ್ಚೆ: ತೈವಾನಿನ ‘ಕ್ಯೂ’ಗೆ ನಮ್ಮಲ್ಲಿ ಏನಂತಾರೆ?

ಗೆಳೆಯರೇ, ತೈವಾನಿನ ತಿಂಡಿಗಳ ಬಗ್ಗೆ ಬರೆಯಲು ಕೂತವನು ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ‘ಕ್ಯೂ’ ಅಂತ. ಸಾಲಲ್ಲಿ ನಿಲ್ಲುವ ಕ್ಯೂ ಅಲ್ಲ. ಅಲ್ಲಿನ ಹೊಕ್ಕಿಯನ್ ನುಡಿಯ ‘ಖ್ಯೂ’ ಅನ್ನೋ ಮಾತು. ಅಂಗಡಿ ಬೋರ್ಡುಗಳಲ್ಲಿ ಚೀನೀ ಅಕ್ಷರಗಳ ನಡುವೆ ಇಂಗ್ಲಿಷಿನ ಹದಿನೇಳನೇ ಅಕ್ಷರವನ್ನು ಕೂರಿಸಿ ಅದನ್ನು ಬರೆದುಬಿಡುತ್ತಾರೆ.

ಅರ್ಥ ಹೀಗೆ: ಹಲ್ಲು ಮೆತ್ತಗೆ ಊರಬೇಕು, ಆದರೆ ತಿನಿಸು ಸುಲಭಕ್ಕೆ ತುಂಡಾಗಬಾರದು. ಸ್ವಲ್ಪ ಎದುರು ಪುಟಿಯಬೇಕು. ಮೀನಿನ ಉಂಡೆ, ನೂಡಲ್ಸ್, ಜ್ಯೋಫೆನ್ ಊರಿನ ಕೆಸುವಿನಗೆಡ್ಡೆ ಉಂಡೆ, ಎಲ್ಲಕ್ಕೂ ಇದೇ ಹೊಗಳಿಕೆ. ಚಾಂಗ್‌ಹ್ವಾ ಊರಿನ ‘ಬಾ-ವಾನ್’ ನೋಡಿ. ಅಂಗೈಯಗಲದ ಕಡುಬು, ಒಳಗೆ ಹಂದಿಮಾಂಸ, ಕಳಲೆ. ಸಿಹಿಗೆಣಸಿನ ಹಿಟ್ಟಿನ ಹೊದಿಕೆ ಬೆಂದ ಮೇಲೆ ಅರೆಪಾರದರ್ಶಕವಾಗಿ, ಚಮಚ ತಾಗಿದರೆ ನಡುಗುತ್ತದೆ. ಆ ಹೊದಿಕೆ ‘ಕ್ಯೂ’ ಆಗಿಲ್ಲವೆಂದರೆ ಹೂರಣ ಎಷ್ಟು ರುಚಿಯಿದ್ದರೂ ಮೆಚ್ಚುವವರು ಕಮ್ಮಿ. ಜಾಸ್ತಿ ಚೆನ್ನಾಗಿದ್ದರೆ ‘ಕ್ಯೂಕ್ಯೂ’ ಅನ್ನುತ್ತಾರೆ. ನಮ್ಮ ಬಿಸಿಬಿಸಿ, ಗರಿಗರಿ ಥರಾನೇ ಅಲ್ವಾ!

ಕನ್ನಡದಲ್ಲಿ ಹುಡುಕಿದೆ. ‘ಜಿಗಟು’ ಅಂದರೆ ಅಂಟು ನೆನಪಾಗುತ್ತದೆ. ‘ಲೋಳೆ’ ಅಂದರೆ ಯಾರೂ ತಟ್ಟೆ ಮುಟ್ಟುವುದಿಲ್ಲ. ‘ನಾರು’ ಬೇರೆಯೇ ಕಥೆ. ‘ರಬ್ಬರಿನಂಗಿದೆ’ ಅಂದರಂತೂ ಅಡುಗೆಯವರಿಗೆ ಬೈದ ಹಾಗೆ. ಸುಮ್ನೆ ‘ಪುಟಿಜಗಿ’ ಅಂತ ಒಂದನ್ನು ಹೊಸೆದೆ. ಮನೆಯಲ್ಲಿ ಓದಿ ಹೇಳಿದ್ದಕ್ಕೆ ಎಲ್ಲರೂ ನಕ್ಕರು.

ನನಗನ್ನಿಸುವುದು, ಈ ಗುಣವನ್ನು ನಾವು ಅಷ್ಟಾಗಿ ಬಯಸಿದವರಲ್ಲ. ಮುದ್ದೆಯನ್ನಂತೂ ಜಗಿಯುವುದೇ ಇಲ್ಲ, ನುಂಗುತ್ತೇವೆ. ತೈವಾನಿನ ‘ಬಬಲ್ ಟೀ’ ಅನ್ನೋ ಚಹಾದ ತಳದಲ್ಲಿರುವ ಕಪ್ಪು ಗುಂಡುಗಳು ಮರಗೆಣಸಿನ ಹಿಟ್ಟಿನವು. ನಮ್ಮಲ್ಲಿ ಸಿಗುವ ಸಬ್ಬಕ್ಕಿಯೂ ಅದೇ ಗೆಣಸಿನದು. ಆದರೆ ಪಾಯಸದ ಸಬ್ಬಕ್ಕಿ ಹಲ್ಲಿಗೆ ಎದುರಾಡಿದರೆ ‘ಇನ್ನೂ ಬೆಂದಿಲ್ಲ’ ಅಂತ ಮತ್ತೆ ಒಲೆಗೇರಿಸುತ್ತೇವೆ. ಅದು ಕರಗುವಷ್ಟು ಬೆಂದರೆ ನಮಗೆ ಹದ. ತೈವಾನಿನವರಿಗೆ ಬಬಲ್ ಟೀ ಗುಂಡು ಹಾಗಾದರೆ ಕೆಟ್ಟಿತು ಅಂತ ಲೆಕ್ಕ.

ಹಾಗಂತ ಇಂಥ ತಿನಿಸು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಗೋಧಿ ಹಾಲಿನ ಹಲ್ವ ಇದೆ. ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಮೇಲೇಳುತ್ತದೆ, ಬಾಯಲ್ಲೂ ಹಾಗೇ. ನನ್ನ ಕಿವಿಗೆ ಬಿದ್ದಿರುವುದು ‘ಹದವಾಗಿ ಬಂದಿದೆ’ ಅನ್ನುವುದಷ್ಟೇ. ಹದ ಅನ್ನುವುದು ಒಲೆ ಮುಂದೆ ನಿಂತವರ ಮಾತು, ಉಪ್ಪಿಟ್ಟಿಗೂ ಸಲ್ಲುತ್ತದೆ. ನನಗೆ ಬೇಕಿರುವುದು ಜಗಿಯುವವರ ಮಾತು.

ಮಂಗಳೂರು, ಭಟ್ಕಳದ ಕಡೆಯವರು ಹಲ್ವ ಕಚ್ಚಿದಾಗ ಏನನ್ನುತ್ತೀರಿ? ತುಳು, ಕೊಂಕಣಿ, ಬ್ಯಾರಿ ಮಾತಾದರೂ ಪರವಾಗಿಲ್ಲ, ಕಳಿಸಿ. ಸಿಗದಿದ್ದರೆ ‘ಕ್ಯೂ’ ಅಂತಲೇ ಬರೆದುಬಿಡುತ್ತೇನೆ.