ಏಳನೇ ಕ್ಲಾಸಿನ ಮಗಳಿಗೆ ಫೌಂಡೇಷನ್ ಕೋರ್ಸ್ ಬೇಕಾ?

ಪ್ರಶ್ನೆ (ಮಂಡ್ಯದ ಒಬ್ಬ ತಾಯಿ):
ನಮಸ್ಕಾರ ಸರ್. ಮಗಳು ಏಳನೇ ಕ್ಲಾಸ್, ಅನುದಾನಿತ ಶಾಲೆ, ಕನ್ನಡ ಮೀಡಿಯಂ. ಲೆಕ್ಕ ಅಂದರೆ ಊಟ ಬಿಟ್ಟು ಕೂರುತ್ತಾಳೆ. ಪಕ್ಕದ ಮನೆಯವರು ಮಗನನ್ನು ಫೌಂಡೇಷನ್ ಕೋರ್ಸಿಗೆ, ಅಂದರೆ ಮುಂದಿನ ಪ್ರವೇಶ ಪರೀಕ್ಷೆಗಳಿಗೆ ಈಗಿನಿಂದಲೇ ತಯಾರಿ ಮಾಡಿಸೋ ಕೋಚಿಂಗಿಗೆ, ಹಾಕಿದ್ದಾರೆ. ಫೀಸು ಕೇಳಿ ತಲೆ ತಿರುಗಿತು. ಸೇರಿಸದಿದ್ದರೆ ಇವಳು ಹಿಂದೆ ಬೀಳ್ತಾಳಾ?

ಉತ್ತರ (ನಿವೃತ್ತ ಗಣಿತ ಶಿಕ್ಷಕ, ಮೈಸೂರು):
ಬೀಳುವುದಿಲ್ಲ ಅಮ್ಮ. ಮೊದಲು ಒಂದು ವಿಚಾರಿಸಿ. ಆ ಕೋರ್ಸಿನಲ್ಲಿ ಏನು ಹೇಳಿಕೊಡುತ್ತಾರೆ? ಒಂಬತ್ತನೇ ಕ್ಲಾಸಿನ ಪಾಠವನ್ನು ಏಳರಲ್ಲೇ ಮುಗಿಸುವುದಾದರೆ ಅದು ಓಟ ಅಷ್ಟೇ. ಎರಡು ವರ್ಷ ಬಿಟ್ಟು ಅದೇ ಪಾಠಕ್ಕೆ ಕ್ಲಾಸಿನಲ್ಲಿ ಆಕಳಿಸುತ್ತಾ ಕೂರುತ್ತಾರೆ. ಏಳನೇ ಕ್ಲಾಸಿಗೆ ಬೇಕಾದದ್ದು ಒಂದೇ ಲೆಕ್ಕದ ಜೊತೆ ಮೂರು ದಿನ ಗುದ್ದಾಡುವ ಅಭ್ಯಾಸ.

ನಿಮ್ಮೂರಿನದೇ ಒಂದು ಲೆಕ್ಕ ಕೊಡುತ್ತೇನೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಕೆಆರ್‌ಎಸ್ ಅಣೆಕಟ್ಟಿನ ನೀರಿನ ಮಟ್ಟ ಇರುತ್ತದೆ ಅಲ್ವಾ? ಗರಿಷ್ಠ 124.80 ಅಡಿ, ತುಂಬಿದರೆ 49.45 ಟಿಎಂಸಿ. ಮಗಳಿಗೆ ಎರಡು ಪ್ರಶ್ನೆ ಕೇಳಿ. ಒಂದು, ದಿನಕ್ಕೆ ಒಂದು ಟಿಎಂಸಿ ನೀರು ಬರಬೇಕಾದರೆ ಒಳಹರಿವು ಎಷ್ಟು ಕ್ಯೂಸೆಕ್ ಇರಬೇಕು? ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ ಹತ್ತಿರ ಹತ್ತಿರ 11,574 ಬರುತ್ತದೆ. ಇದು ಅವಳೇ ಮಾಡಲಿ, ನೀವು ಉತ್ತರ ಬಾಯಿ ಬಿಡಬೇಡಿ.

ಎರಡನೆಯದು ನನಗೆ ಜಾಸ್ತಿ ಇಷ್ಟ. ಮಟ್ಟ ಅರ್ಧಕ್ಕೆ ಇಳಿದರೆ ನೀರೂ ಅರ್ಧ ಉಳಿದಿರುತ್ತದಾ? ಭಾನುವಾರ ನನ್ನ ಹತ್ತಿರ ಲೆಕ್ಕಕ್ಕೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು "ಹೌದು ಸರ್" ಅಂತಾರೆ. ಆಗ ಅಡುಗೆಮನೆಯಿಂದ ಬಾಣಲೆ ತರಿಸುತ್ತೇನೆ. ನಡುವೆ ಸ್ಟೀಲ್ ಸ್ಕೇಲು ನೆಟ್ಟಗೆ ಹಿಡಿದು, ಲೋಟ ಲೋಟವಾಗಿ ನೀರು ಹಾಕಿ, ಪ್ರತಿ ಸಲ ಮಟ್ಟ ಬರೆದುಕೊಳ್ಳಬೇಕು. ಮೊದಲ ಲೋಟಕ್ಕೆ ಮಟ್ಟ ಚೆನ್ನಾಗಿ ಏರುತ್ತದೆ. ಆಮೇಲಾಮೇಲೆ ಏರುವುದೇ ಕಮ್ಮಿ. ಒಬ್ಬ ಹುಡುಗ ಮೊನ್ನೆ "ಸರ್, ಲೋಟ ತೂತಾಗಿದೆಯಾ?" ಅಂತ ಲೋಟವನ್ನೇ ತಿರುಗಿಸಿ ನೋಡಿದ. ನಾನು ಸುಮ್ನೆ ಇದ್ದೆ. ಐದು ನಿಮಿಷ ಬಿಟ್ಟು ಅವನೇ "ಮೇಲೆ ಅಗಲ ಜಾಸ್ತಿ" ಅಂದ. ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಹಾಕಿದಾಗ ಗೆರೆ ಬಾಗುತ್ತದೆ. ಖರ್ಚು ಸೊನ್ನೆ.

ಪ್ರಶ್ನೆ (ಅದೇ ತಾಯಿ):
ಸರಿ ಸರ್, ಮಾಡಿಸ್ತೀನಿ. ಆದರೆ ಪರೀಕ್ಷೆ ಅಂತ ಯಾವುದೂ ಬರೆಸೋದು ಬೇಡ್ವಾ?

ಉತ್ತರ:
ಒಂದನ್ನಂತೂ ಬಿಡಬೇಡಿ. ಎನ್‌ಎಂಎಂಎಸ್. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಂಟನೇ ಕ್ಲಾಸಿನಲ್ಲಿ ಬರೆಯುವ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಇರುವುದು, ಹಾಗಾಗಿ ನಿಮ್ಮ ಮಗಳಿಗೆ ಸರಿಹೊಂದುತ್ತದೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದರಲ್ಲಿ ಬುದ್ಧಿ ಓಡಿಸುವ ಪ್ರಶ್ನೆಗಳು, ಇನ್ನೊಂದರಲ್ಲಿ ಪಾಠದವು. ಕನ್ನಡದಲ್ಲೇ ಬರೆಯಬಹುದು. ಏಳನೇ ಕ್ಲಾಸಿನ ಅಂಕವನ್ನೂ ನೋಡುತ್ತಾರೆ, ಆದ್ದರಿಂದ ಈ ವರ್ಷ ಶಾಲೆ ಪರೀಕ್ಷೆಯನ್ನು ಹಗುರವಾಗಿ ತಗೋಬೇಡಿ.

ಗಣಿತ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಐಒಕ್ಯೂಎಂ ಎಂಟನೇ ಕ್ಲಾಸಿನಿಂದ ಬರೆಯಬಹುದು. ಕಷ್ಟ ಇದೆ. ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ (ಮೈಸೂರಿನ ಒಬ್ಬ ತಂದೆ):
ನಡುವೆ ಬರ್ತಿದ್ದೀನಿ, ಕ್ಷಮಿಸಿ. ಹೋದ ವರ್ಷ ಒಂದು ಕಡೆ ಬೇಸಿಗೆ ವಿಜ್ಞಾನ ಶಿಬಿರಕ್ಕೆ ಮಗನನ್ನು ಕಳಿಸಿದ್ದೆ. ಹದಿನೈದು ದಿನ. ರೆಡಿಮೇಡ್ ಕಿಟ್ ಜೋಡಿಸಿ, ಫೋಟೊ ತೆಗೆಸಿಕೊಂಡು, ಸರ್ಟಿಫಿಕೇಟ್ ಹಿಡಿದು ಬಂದ. ಮೋಟರ್ ಯಾಕೆ ತಿರುಗುತ್ತೆ ಅಂತ ಕೇಳಿದರೆ ಗೊತ್ತಿಲ್ಲ. ಒಳ್ಳೆ ಶಿಬಿರ ಗುರುತಿಸೋದು ಹೇಗೆ?

ಉತ್ತರ:
ಒಂದು ದಿನ ಹೊರಗೆ ನಿಂತು ಕೇಳಿಸಿಕೊಳ್ಳಿ. ಮೇಷ್ಟ್ರ ದನಿಯೇ ಜಾಸ್ತಿ ಕೇಳಿದರೆ ಬೇಡ. ಮಕ್ಕಳ ಗಲಾಟೆ ಇರಬೇಕು, ಮುರಿದ ಸಾಮಾನು ಇರಬೇಕು. ನಾಲ್ಕು ಮಕ್ಕಳ ಮಾದರಿ ನಾಲ್ಕು ಥರ ಇರಬೇಕು. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದರೆ ಅದು ಕಿಟ್ ಮಾರಾಟ.

ಕಾರಂಜಿ ಕೆರೆಗೆ ಹೋದಾಗ ದಂಡೆಯಲ್ಲೇ ಇರುವ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯಕ್ಕೂ ಒಂದು ನೋಟ್‌ಬುಕ್ ಕೊಟ್ಟು ಕಳಿಸಿ. ನಮ್ಮ ಜನ ದೋಣಿ ಹತ್ತಿ, ಚುರುಮುರಿ ತಿಂದು ವಾಪಸ್ ಬಂದುಬಿಡುತ್ತಾರೆ. ಮಗನ ತಲೆಯಲ್ಲಿ ಸ್ವಂತ ಐಡಿಯಾ ಇದ್ದರೆ ಶಾಲೆಯಲ್ಲಿ ಇನ್‌ಸ್ಪೈರ್ ಮಾನಕ್ ಬಗ್ಗೆ ಕೇಳಿ. ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ ಅದು. ಶಾಲೆಯೇ ಹೆಸರು ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ದಯವಿಟ್ಟು ಐಡಿಯಾ ಅವನದೇ ಇರಲಿ, ನಿಮ್ಮದಲ್ಲ.

(ಒಂದು ವಾರದ ನಂತರ) ಮಂಡ್ಯದ ತಾಯಿ:
ಸರ್, ಬಾಣಲೆ ಪ್ರಯೋಗ ಆಯ್ತು. ಅಡುಗೆಮನೆ ಕೆರೆಯಾಗಿತ್ತು. ಗೆರೆ ಬಾಗಿತು. ಈಗ ಅವಳು ಕೇಳ್ತಿರೋದು, ನೂರು ಅಡಿಯಿಂದ ಒಂದಡಿ ಇಳಿದರೆ ಹೋಗೋ ನೀರು, 124ರಿಂದ ಒಂದಡಿ ಇಳಿದರೆ ಹೋಗೋ ನೀರು, ಎರಡೂ ಒಂದೇ ಅಲ್ಲ ತಾನೆ ಅಂತ. ಏನು ಹೇಳಲಿ?

ಉತ್ತರ:
ಏನೂ ಹೇಳಬೇಡಿ. ಪೇಪರಿನಲ್ಲಿ ಮಟ್ಟವೂ ಟಿಎಂಸಿಯೂ ಎರಡೂ ಬರುತ್ತವೆ. ಕತ್ತರಿ, ಗೋಂದು ಕೊಡಿ. ಇಪ್ಪತ್ತು ದಿನ ಅಂಟಿಸಿ, ಲೆಕ್ಕ ಹಾಕಿ, ನನಗೇ ಹೇಳಲಿ.