ಪೆರ್ಲ ಭಾವನ ಫಾರ್ವರ್ಡ್

ನಮ್ಮ ತರವಾಡಿನ, ಅಂದರೆ ಮೂಲಮನೆ ಕುಟುಂಬದ, ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದದ್ದು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ. ಅಜ್ಜಿ ಮಂಗಳೂರಿನ ಐಸಿಯುನಿಂದ ಮನೆಗೆ ಬಂದಿದ್ದಾರೆ, ಹಿಡಿದುಕೊಳ್ಳದೆ ನಿಲ್ಲಲಿಕ್ಕೆ ಇನ್ನೂ ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಪೆರ್ಲ ಭಾವ: (ಫಾರ್ವರ್ಡ್) ಎಚ್ಚರ! ಐಸಿಯುನಲ್ಲಿ 10 ದಿನ ಮಲಗಿದರೆ ಅರ್ಧ ಸ್ನಾಯು ಕರಗುತ್ತದೆ! ಲಂಡನ್ ಸಂಶೋಧನೆ! ಹಿರಿಯರನ್ನು ಆಸ್ಪತ್ರೆಗೆ ಸೇರಿಸುವ ಮೊದಲು ಯೋಚಿಸಿ! ಪ್ರೊಟೀನ್ ಪುಡಿ ಒಂದೇ ದಾರಿ!

ಪೆರ್ಲ ಭಾವ: ಸುಮ್ನೆ ಹಾಕಿದ್ದು. ಯಾರಿಗೂ ಹೇಳಿದ್ದಲ್ಲ.

(ಯಾರಿಗೆ ಹೇಳಿದ್ದು ಅಂತ ಇಡೀ ಗುಂಪಿಗೆ ಗೊತ್ತು.)

ಬದಿಯಡ್ಕ ಅತ್ತೆ: ಅಮ್ಮನಿಗೆ ಉಸಿರು ಕಟ್ಟಿದ ರಾತ್ರಿ ಆಂಬುಲೆನ್ಸ್ ಕರೆದದ್ದು ನಾನು. ಕರೆಯಬಾರದಿತ್ತಾ?

ಪೆರ್ಲ ಭಾವ: ಚಿಕ್ಕಮ್ಮ, ನಿಮ್ಮ ಹೆಸರು ಎಲ್ಲಿ ಉಂಟು ಅದರಲ್ಲಿ?

ಬೆಂಗಳೂರು ತಮ್ಮ: ಭಾವ, ಮೂಲ ಎಲ್ಲಿ?

ಪೆರ್ಲ ಭಾವ: ಬಂತು ನೋಡಿ ಸುಪ್ರೀಂ ಕೋರ್ಟು.

ಬೆಂಗಳೂರು ತಮ್ಮ: ನಾನೇ ಹುಡುಕಿದೆ. ಪುತುಚೆರಿ ಅಂತ ಒಬ್ಬರು ಡಾಕ್ಟರ್ ಮತ್ತು ಅವರ ತಂಡ, 2013ರಲ್ಲಿ ಪ್ರಕಟವಾದದ್ದು. 63 ರೋಗಿಗಳ ತೊಡೆಯ ಒಂದು ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. 10 ದಿನದಲ್ಲಿ ಕಡಿಮೆಯಾದದ್ದು ಶೇಕಡಾ 17.7. ಅರ್ಧ ಅಲ್ಲ.

ಪೆರ್ಲ ಭಾವ: ಹದಿನೇಳೋ ಐವತ್ತೋ, ಕರಗಿದ್ದು ಹೌದಲ್ವಾ?

ಬೆಂಗಳೂರು ತಮ್ಮ: ಹೌದು, ಆದರೆ ಕಾಯಿಲೆ ಜೋರಿದ್ದಷ್ಟೂ ಜಾಸ್ತಿ. ಒಂದೇ ಅಂಗ ಕೈಕೊಟ್ಟವರಿಗೆ ವಾರದಲ್ಲಿ ಶೇಕಡಾ 3, ಹಲವು ಅಂಗ ಕೈಕೊಟ್ಟವರಿಗೆ ಸುಮಾರು 16. ಎಲ್ಲರೂ ಮಲಗಿದ್ದು ಅದೇ ಐಸಿಯುನಲ್ಲಿ. ಸ್ನಾಯು ತಿಂದದ್ದು ಬರೀ ಮಂಚ ಅಲ್ಲ.

ದೊಡ್ಡಪ್ಪ: ಆಯುಷ್ಯ ದೇವರ ಕೈಯಲ್ಲಿ. ನಮ್ಮ ಕಾಲದಲ್ಲಿ ತೋಟಕ್ಕೆ ಇಳಿದು ಹತ್ತಿದರೆ ಅದೇ ವ್ಯಾಯಾಮ. ಈಗಿನವರಿಗೆ ಅಡಿಕೆ ಹೆಕ್ಕಲಿಕ್ಕೂ ಆಳು ಬೇಕು. ಹಿರಿಯರ ಮುಂದೆ ವಾದ ಬೇರೆ.

ಮುಳ್ಳೇರಿಯ ಅಕ್ಕ: ತೋಟ ಅಂದಾಗ ನೆನಪಾಯ್ತು. 1992ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಗೆ ಅಜ್ಜಿ ನಡೆದೇ ಬಂದದ್ದು! ಮಕ್ಕಳು ನಾವು ಹಿಂದಿನಿಂದ ಓಡುತ್ತಿದ್ದೆವು. ಫೋಟೋ ಹಾಕ್ತೇನೆ.

(ಹಾಕಿದಳು. ಕೆಂಪು ರಿಬ್ಬನ್ನಿನ ಹುಡುಗಿ ಯಾರು ಅಂತ ಊಟದ ಹೊತ್ತಿನವರೆಗೆ ಚರ್ಚೆ. ಮೂರು ಜನ ಅದು ತಾನೇ ಅಂದರು. ಅದರಲ್ಲಿ ಒಬ್ಬಳು 1992ರಲ್ಲಿ ಹುಟ್ಟಿಯೇ ಇರಲಿಲ್ಲ.)

ಪೆರ್ಲ ಭಾವ: ಎಲ್ಲರಿಗೂ ಈಗ ಭಾರೀ ಜ್ಞಾನ. 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋಗಲಿಕ್ಕೆ ಆಗದೆ ನಾನು ಒದ್ದಾಡುವಾಗ ಎಷ್ಟು ಜನ ಫೋನ್ ಮಾಡಿದಿರಿ?

ಬದಿಯಡ್ಕ ಅತ್ತೆ: ನಾನು ಮಾಡಿದ್ದೆ. ನೀನು ಎತ್ತಲಿಲ್ಲ.

(ಇಲ್ಲಿಂದ ಮುಂದೆ ಸ್ನಾಯುವಿನ ಸುದ್ದಿ ಯಾರಿಗೂ ಬೇಡ. ತಮ್ಮನಿಗೆ ಅದೂ ಗೊತ್ತಾಗುವುದಿಲ್ಲ.)

ಬೆಂಗಳೂರು ತಮ್ಮ: ಪ್ರೊಟೀನ್ ವಿಷಯವೂ ಸುಳ್ಳು. 2023ರಲ್ಲಿ ವೆಂಟಿಲೇಟರಿನಲ್ಲಿದ್ದ 1300 ಜನರ ಮೇಲೆ ನೋಡಿದ್ದಾರೆ. ಜಾಸ್ತಿ ಪ್ರೊಟೀನ್ ಕೊಟ್ಟವರೇನೂ ಬೇಗ ಮನೆಗೆ ಹೋಗಲಿಲ್ಲ.

ಕುಂಬಳೆ ಅತ್ತಿಗೆ: ಅದು ಐಸಿಯು ಒಳಗೆ. ಅಜ್ಜಿ ಈಗ ನಮ್ಮ ಜಗಲಿಯಲ್ಲಿದ್ದಾರೆ. ಮೊಟ್ಟೆ ತಿನ್ನುವುದಿಲ್ಲ, ಹೆಸರುಬೇಳೆಯ ತೊವ್ವೆ ಎರಡು ಚಮಚ ಹೋದರೆ ಹಬ್ಬ. ಇಲ್ಲಿ ಮೆಸೇಜ್ ಹಾಕಿದವರಲ್ಲಿ ಈ ವಾರ ಬಂದು ನೋಡಿದವರು ಯಾರು?

(ಅತ್ತಿಗೆ ಗುಂಪಿನಲ್ಲಿ ಬರೆಯುವುದೇ ಅಪರೂಪ.)

ಬೆಂಗಳೂರು ತಮ್ಮ: ಅತ್ತಿಗೆ, ಕಾಲಿನ ವ್ಯಾಯಾಮ ಬಿಡಬೇಡಿ. 1990ರಲ್ಲಿ ಬೋಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿ ಆಯಿತು.

ಕುಂಬಳೆ ಅತ್ತಿಗೆ: ಮಾಡಿಸುವವನು ವಾರಕ್ಕೆ ಎರಡು ಸಲ ಬರುತ್ತಾನೆ. ನಾಲ್ಕು ಸಲ ಬಂದರೆ ಒಳ್ಳೆಯದು ಅಂದ. ಒಂದು ಸಲಕ್ಕೆ ಐನೂರು. ಬೋಸ್ಟನ್‌ನವರು ಕೊಡುತ್ತಾರಾ?

ದೊಡ್ಡಪ್ಪ: ಗೂಗಲ್ ಪೇ ನಂಬರ್ ಕಳಿಸು ಮಗಳೇ.

ಬದಿಯಡ್ಕ ಅತ್ತೆ: ಅಣ್ಣ, ನಾನೂ ಇದ್ದೇನೆ. ಅರ್ಧ ನನ್ನದು.

ಪೆರ್ಲ ಭಾವ: ಚಿಕ್ಕಮ್ಮ ಯಾಕೆ ಅರ್ಧ? ಮೂರು ಪಾಲು ಮಾಡಿ. ನಾಳೆ ನಾನೇ ಬಂದು ಕೊಡುತ್ತೇನೆ.

ಪೆರ್ಲ ಭಾವ: ಆದರೆ 17.7 ಅಂದದ್ದು ನಾನು ಒಪ್ಪುವುದಿಲ್ಲ.